ಏಳು ಶಿಲುಬೆಗಳ ಹಳ್ಳ

ನೊರಾಚಿ, ಸೊನೋರಾ
3 ಫೆಬ್ರವರಿ 1953

ಪ್ರೀತಿಯ ಚೋನಾ ಅಕ್ಕನಿಗೆ,

ನಿನ್ನ ತಮ್ಮ ಕ್ರಿಸ್ಪಿನ್‌ನ ನಮಸ್ಕಾರ. ಭಾವನಿಗೂ ತಿಳಿಸು. ನನ್ನ ಮಗಳು ಅಂಪಾರೋಗೆ, ಅವಳಪ್ಪ ಬದುಕಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ ಎಂದು ಹೇಳು. ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ. ಗೋಧಿ ರೊಟ್ಟಿ, ಹುರುಳಿ, ಒಣಮಾಂಸ. ಮಾಂಸ ಅಗಿದು ಅಗಿದು ದವಡೆ ಗಟ್ಟಿಯಾಗಿದೆ.

ಅಕ್ಕ, ಮೊದಲನೆಯ ಗುರುತು ಸಿಕ್ಕಿತು.

ಲಾ ಸೊಲೆದಾದ್ ಗಣಿ ನಿನಗೆ ನೆನಪಿರಬೇಕು, ಅಪ್ಪ ಸುರಂಗಕ್ಕೆ ಮರದ ಆಸರೆ ಕಟ್ಟುತ್ತಿದ್ದ ಜಾಗ. ನಾನು ಹುಟ್ಟಿದ್ದು ಅಲ್ಲೇ, ಆದರೆ ಮೂರು ವರ್ಷಕ್ಕೆ ಬಿಟ್ಟು ಗಡಿಯಾಚೆ ಅರಿಜೋನಾಕ್ಕೆ ಹೋದವನಿಗೆ ಏನು ನೆನಪಿರುತ್ತದೆ. ಈಗ ಅಲ್ಲಿ ಸೂರಿಲ್ಲದ ಗೋಡೆಗಳು, ಮೇಕೆ ಹಿಕ್ಕೆ. ಆ ಗೋಡೆಗಳ ಹಿಂದಿನಿಂದ ಒಂದು ಒಣ ಹಳ್ಳ ನೊರಾಚಿಯ ಕಡೆಗೆ ಇಳಿಯುತ್ತದೆ. ಜನ ಓಡಾಡುವ ದಾರಿ ಅದಲ್ಲ, ಕತ್ತೆ ದಾರಿ ಗುಡ್ಡದ ಆಚೆ ಬದಿಗಿದೆ. ಹಳ್ಳದಲ್ಲಿ ಇನ್ನೂರು ಹೆಜ್ಜೆ ಇಳಿದರೆ ಎದೆಮಟ್ಟದ ಬಂಡೆ. ಅದರ ಮೇಲೆ ಒಂದು ಶಿಲುಬೆ ಕೆತ್ತಿದ್ದಾರೆ. ಬರೀ ಶಿಲುಬೆಯಲ್ಲ, ಮೂರು ಮೆಟ್ಟಿಲಿನ ಪೀಠದ ಮೇಲೆ ನಿಂತ ಶಿಲುಬೆ. ಬುಡದಲ್ಲಿ ಕಲ್ಲಿನ ಗುಡ್ಡೆ.

ದೋನ್ ಫಿಲೆಮೋನ್ ಮಂಡಿಯೂರಿ ಕೂತು ಬೆರಳಿಂದ ಸವರಿ ನೋಡಿದ. ಈ ಮುದುಕನ ಬಗ್ಗೆ ಹೋದ ಸಲ ಬರೆದಿದ್ದೆ. ನಲವತ್ತು ವರ್ಷದಿಂದ ಈ ಗುಡ್ಡಗಳಲ್ಲಿ ಹಳೇ ಸ್ಪೇನಿನವರ ಗುರುತು ಓದುತ್ತಿದ್ದಾನೆ. ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಕುದುರೆ ಲಾಳ.

"ಸಿಕ್ಕಿಲ್ಲ ಅಂದ್ರೆ ಚೆನ್ನಾಗಿ ಬಚ್ಚಿಟ್ಟಿದಾರೆ ಅಂತ ಅರ್ಥ ಕಣೋ," ಎನ್ನುತ್ತಾನೆ. "ಕೆಟ್ಟದಾಗಿ ಬಚ್ಚಿಟ್ಟಿದ್ದನ್ನ ಯಾವನು ಬೇಕಾದ್ರೂ ಹುಡುಕ್ತಾನೆ."

ಮೂರು ಮೆಟ್ಟಿಲಿನ ಶಿಲುಬೆ ಪಾದ್ರಿಗಳ ಗುರುತಂತೆ. ಹಿಂದೆ ಸ್ಪೇನಿನ ರಾಜ ಅವರನ್ನು ಈ ದೇಶದಿಂದ ಓಡಿಸಿದಾಗ ಬೆಳ್ಳಿ ಇಟ್ಟಿಗೆಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ಇದೇ ಹಳ್ಳದಲ್ಲಿ ಇಳಿಸಿದರಂತೆ. ಒಂದೊಂದು ಶಿಲುಬೆಯೂ ಮುಂದಿನದಕ್ಕೆ ಬೆರಳು ತೋರಿಸುತ್ತದೆ, ಕೊನೆಯದರ ಹತ್ತಿರ ಮುಚ್ಚಿದ ಸುರಂಗದ ಬಾಯಿ ಇರುತ್ತದೆ. ಕಲ್ಲಿನ ಗುಡ್ಡೆಯನ್ನು ಪೂರ್ತಿ ಕಿತ್ತು ಹಾಕಿದೆವು. ಅಡಿಯಲ್ಲಿ ಏನೂ ಇರಲಿಲ್ಲ. ಮೊದಲಿನವುಗಳಲ್ಲಿ ಇರುವುದಿಲ್ಲವಂತೆ, ಅವು ಕಳ್ಳರನ್ನು ದಣಿಸುವುದಕ್ಕೆ.

ಅರಿಜೋನಾದ ತಾಮ್ರದ ಗಣಿ ನನ್ನ ಎದೆಯೊಳಗೆ ಕಲ್ಲುಧೂಳು ತುಂಬಿ ಕಳಿಸಿದೆ. ಡಾಕ್ಟರು ಎಷ್ಟು ದಿನ ಹೇಳಿದರು ಎಂಬುದು ನಿನಗೆ ಗೊತ್ತು. ಅಂಪಾರೋಗೆ ಬಿಟ್ಟುಹೋಗಲು ನನ್ನ ಹತ್ತಿರ ಒಂದು ಟೋಪಿ, ಒಂದು ಕೆಮ್ಮು ಇದೆ. ಹನ್ನೊಂದು ವರ್ಷದ, ತಾಯಿಲ್ಲದ ಹುಡುಗಿ. ಅವಳು ಇನ್ನೊಬ್ಬರ ಮನೆ ನೆಲ ಒರೆಸಿಕೊಂಡು ಬೆಳೆಯಬಾರದು. ನಿನ್ನ ಮನೆಯನ್ನು ಅನ್ನುತ್ತಿಲ್ಲ, ನಿನಗೆ ಅರ್ಥವಾಗುತ್ತದೆ.

ಅಪ್ಪ ಈ ಹಳ್ಳದ ಬಗ್ಗೆ ಯಾವತ್ತಾದರೂ ಮಾತಾಡಿದ್ದನೆ? ನೀನು ಆಗ ಒಂಬತ್ತು ವರ್ಷದವಳು, ನೆನಪು ಮಾಡಿಕೋ.

ಇಲ್ಲಿ ಮಸಣದಲ್ಲಿ ಅಮ್ಮನ ಗೋರಿ ಕಳೆ ಕಿತ್ತು ಚೊಕ್ಕ ಮಾಡಿದೆ. ದಾರಿ ತೋರಿಸಮ್ಮ ಎಂದು ಕೇಳಿಕೊಂಡೆ. ಬೆಳ್ಳಿ ಸಿಕ್ಕಿದ ದಿನ ಅವಳಿಗೆ ಮೊದಲು ಕಲ್ಲು ಹಾಕಿಸುತ್ತೇನೆ.

ನಿನ್ನ ತಮ್ಮ,
ಕ್ರಿಸ್ಪಿನ್


ಗ್ವಾಯ್ಮಾಸ್
19 ಫೆಬ್ರವರಿ 1953

ಕ್ರಿಸ್ಪಿನ್,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಭಾವನಿಗೆ ಓದಿ ಹೇಳಿದರೆ, "ನನ್ನ ಬಲೆಗೇ ಮೀನು ಬೀಳ್ತಿಲ್ಲ, ಅವನಿಗೆ ಬಂಡೇಲಿ ಬೆಳ್ಳಿ ಬೀಳುತ್ತಂತಾ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನೀನು ಸೊನೋರಾಕ್ಕೆ ಬಂದದ್ದು ಒಣ ಗಾಳಿಗೆ ಎದೆ ಹಗುರಾಗಲಿ ಎಂದು. ನೊರಾಚಿಯಲ್ಲಿ ನೆರಳಲ್ಲಿ ಕೂತು ಮೇಕೆ ಹಾಲು ಕುಡಿ ಎಂದು ಕಳಿಸಿದರೆ, ಗುಡ್ಡ ಹತ್ತಿ ಬಂಡೆ ಎತ್ತುತ್ತಿದ್ದೀಯ. ಆ ಒಕ್ಕಣ್ಣ ಫಿಲೆಮೋನ್‌ಗೆ ಕೂಳು ಹಾಕುವವನೊಬ್ಬ ಬೇಕಿತ್ತು, ನೀನು ಸಿಕ್ಕಿದೆ.

ಅಪ್ಪ ಯಾವ ಹಳ್ಳದ ಬಗ್ಗೆಯೂ ಮಾತಾಡಲಿಲ್ಲ. ಅಪ್ಪ ಯಾವುದರ ಬಗ್ಗೆಯೂ ಮಾತಾಡುತ್ತಿರಲಿಲ್ಲ, ಅದು ನಿನಗೇ ಗೊತ್ತು. ಮರ ಕಡಿಯುವವನಿಗೆ ಪಾದ್ರಿಗಳ ಬೆಳ್ಳಿಯ ಸುದ್ದಿ ಯಾರು ಹೇಳುತ್ತಾರೆ.

ಆ ಜಾಗ ಹಾವುಗಳ ಬೀಡು. ಆ ಬಿಳಿ ಬೇರಿನ ಅತ್ತಿ ಮರದ ಬುಡದಲ್ಲಿ ಗಿಲಕಿ ಹಾವುಗಳು ಹೆಣೆದುಕೊಂಡು ಬಿದ್ದಿರುತ್ತವೆ. ಹಾವು ಕಂಡರೆ ಓಡುವುದಕ್ಕೆ ನಿನಗೆ ಉಸಿರೆಲ್ಲಿದೆ? ಇನ್ನೊಂದು ಮಾತು. ಕಲ್ಲಿನ ಗುಡ್ಡೆಗಳನ್ನು ಕೀಳಬೇಡ. ಯಾರೋ ಒಬ್ಬರು ಒಂದೊಂದೇ ಕಲ್ಲು ತಂದು ಪೇರಿಸಿರುತ್ತಾರೆ. ಕಿತ್ತಿದ್ದನ್ನು ವಾಪಸು ಜೋಡಿಸಿ ಬಾ.

ಅಂಪಾರೋ ಚೆನ್ನಾಗಿದ್ದಾಳೆ. ಸೀಗಡಿ ಸುಲಿಯುವುದರಲ್ಲಿ ನನ್ನನ್ನೂ ಮೀರಿಸುತ್ತಾಳೆ. ಇದು ಅವಳ ಮನೆಯೇ. ನೆಲ ಒರೆಸುತ್ತಾಳೆ, ನಿಜ, ನಾನೂ ಒರೆಸುತ್ತೇನೆ. ಅವಳಿಗೆ ಬೆಳ್ಳಿ ಬೇಕಿಲ್ಲ, ನೀನು ಬೇಕು. ಹೊರಟು ಬಾ.

ಅಕ್ಕ


ನೊರಾಚಿ
10 ಮಾರ್ಚ್ 1953

ಅಕ್ಕ,

ನಾನು ಅತ್ತಿ ಮರದ ಬಗ್ಗೆ ಬರೆದೇ ಇರಲಿಲ್ಲ.

ನಿನ್ನ ಕಾಗದ ಅಂಗಡಿಯಲ್ಲಿ ಎಂಟು ದಿನ ಬಿದ್ದಿತ್ತು, ನಾವು ಮೇಲಿದ್ದೆವು. ಇಳಿದು ಬರುವ ಹಿಂದಿನ ದಿನ ನಾಲ್ಕನೆಯ ಶಿಲುಬೆ ಸಿಕ್ಕಿತು. ಅದರ ಪಕ್ಕದಲ್ಲಿ ಬಂಡೆಯನ್ನು ತಬ್ಬಿಕೊಂಡ ಅತ್ತಿ ಮರ, ಬೇರುಗಳೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಕೆಳಗೆ ಬಂದು ನಿನ್ನ ಕಾಗದ ಒಡೆದರೆ ಅದೇ ಮರ ಅಲ್ಲೂ ಇದೆ. ಅಂಗಡಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಫಿಲೆಮೋನ್‌ಗೆ ಓದಿ ಹೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಿಮ್ಮಕ್ಕ ಆ ದಾರೀಲಿ ನಡೆದಿದಾಳೆ ಕಣಯ್ಯಾ. ಸುಮ್ನೆ ಕೇಳಿದವಳ ಮಾತಲ್ಲ ಇದು. ನಿಮ್ಮಪ್ಪಂಗೆ ಗೊತ್ತಿತ್ತು. ಸುರಂಗ ಕಟ್ಟೋನಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ನನಗೆ ಕೋಪವಿಲ್ಲ, ಸಂತೋಷಕ್ಕೆ ಅಕ್ಷರಗಳು ಸಾಲು ಬಿಟ್ಟು ಓಡುತ್ತಿವೆ, ನೋಡಿದರೆ ನಿನಗೇ ಗೊತ್ತಾಗುತ್ತದೆ. ಅಪ್ಪ ಯಾಕೆ ಜೀವಮಾನವಿಡೀ ಬಾಯಿ ಬಿಡಲಿಲ್ಲ ಎಂಬುದು ಈಗ ತಿಳಿಯಿತು. ಪ್ರತಿ ವರ್ಷ ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಅವನೊಬ್ಬನೇ ಗಡಿ ದಾಟಿ ಇಲ್ಲಿಗೆ ಬರುತ್ತಿದ್ದದ್ದು ನೆನಪಿದೆಯೇ? ಅಮ್ಮನ ಗೋರಿಗೆ ಹೋಗುತ್ತೇನೆ ಎನ್ನುತ್ತಿದ್ದ. ಚೀಲದಲ್ಲಿ ಉಳಿ ಸುತ್ತಿಗೆ ಇರುತ್ತಿದ್ದವು. ಗೋರಿಗೆ ಹೋಗುವವನಿಗೆ ಉಳಿ ಯಾಕೆ? ಕಾಯಲು ಬರುತ್ತಿದ್ದ, ಅಕ್ಕ. ಅಳಿಸಿಹೋದ ಗುರುತುಗಳನ್ನು ಮತ್ತೆ ಕೊರೆಯಲು ಬರುತ್ತಿದ್ದ.

ಒಟ್ಟು ಎಷ್ಟು ಶಿಲುಬೆ ಇವೆ ಎಂದು ಬರೆ. ಅದೊಂದೇ ಸಾಕು. ಸಿಕ್ಕಿದ್ದರಲ್ಲಿ ಅರ್ಧ ನಿನ್ನದು. ಭಾವನಿಗೆ ಹೊಸ ದೋಣಿ.

ಕೆಮ್ಮು ಕಡಿಮೆಯಾಗಿದೆ. ಗುಡ್ಡದ ಗಾಳಿ ಒಗ್ಗುತ್ತಿದೆ.

ಕ್ರಿಸ್ಪಿನ್


ಗ್ವಾಯ್ಮಾಸ್
27 ಮಾರ್ಚ್ 1953

ತಮ್ಮಾ,

ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀಯ. ಕಾಗದದ ಮೂಲೆಯಲ್ಲಿ ಕಂದು ಕಲೆ ಇತ್ತು. ಕಾಫಿ ಎಂದು ಅಂಪಾರೋಗೆ ಹೇಳಿದೆ.

ಅತ್ತಿ ಮರವನ್ನು ನಾನು ಸಣ್ಣವಳಿದ್ದಾಗ ನೋಡಿದ್ದೆ. ಗಣಿಯ ಹುಡುಗಿಯರೆಲ್ಲ ಸೌದೆಗೆ ಹೋಗುತ್ತಿದ್ದೆವು. ಅಷ್ಟೇ. ಅದರಿಂದ ನೀನು ಇಷ್ಟು ದೊಡ್ಡ ಮನೆ ಕಟ್ಟಿಬಿಟ್ಟೆಯಲ್ಲ.

ಆ ಶಿಲುಬೆಗಳು ಕುರಿಗಾಹಿಗಳು ಹೊತ್ತು ಹೋಗದೆ ಕೆತ್ತಿದವು. ಇದನ್ನು ಮೊದಲೇ ಹೇಳಬೇಕಿತ್ತು. ಬೆಳ್ಳಿ ಇರಲಿಲ್ಲ, ಇಲ್ಲ. ಇದ್ದರೂ ಅಂಥದರ ಮೇಲೆ ಒಂದು ಹೆಣ ಕೆಡವಿ ಕಾವಲಿಗೆ ಬಿಟ್ಟಿರುತ್ತಾರೆ ಎಂದು ಫಿಲೆಮೋನೇ ನಿನಗೆ ಹೇಳಿರಬೇಕಲ್ಲ. ಅಂಥ ಜಾಗ ತೆರೆದವರು ಯಾರೂ ನೆಟ್ಟಗಾಗಿಲ್ಲ. ಅಪ್ಪನೂ ಹಾಗೇ ಹೇಳುತ್ತಿದ್ದ. ಆ ಹಳ್ಳಕ್ಕೆ ಹೋಗಬೇಡಿ, ಅಲ್ಲಿ ಒಂದು ಜೀವ ಕೂತಿದೆ ಎಂದು.

ಪವಿತ್ರ ವಾರ ಮುಗಿದ ಮೇಲೆ ಬಸ್ಸು ಹಿಡಿದು ನಾನೇ ಬರುತ್ತೇನೆ. ಇಬ್ಬರೂ ಕೂಡಿ ಬರೋಣ. ನಾನು ಬರುವ ತನಕ ನೊರಾಚಿಯಲ್ಲೇ ಇರು. ನಾಲ್ಕರಿಂದ ಮುಂದೆ ಇಳಿಯಬೇಡ. ನಿನಗೆ ಕೈ ಮುಗಿಯುತ್ತೇನೆ.

ಅಕ್ಕ


ನೊರಾಚಿ
14 ಏಪ್ರಿಲ್ 1953

ಶ್ರೀಮತಿ ದೋನ್ಯಾ ಎನ್ಕಾರ್ನಾಸಿಯೋನ್ ಅವರಿಗೆ,

ಫೆಬ್ರವರಿಯಲ್ಲಿ ಅಪ್ಪ ಹಳ್ಳದ ಬಗ್ಗೆ ಮಾತಾಡಲೇ ಇಲ್ಲ ಎಂದಿರಿ. ಮಾರ್ಚ್‌ನಲ್ಲಿ ಹಾಗೇ ಹೇಳುತ್ತಿದ್ದ ಎಂದಿರಿ. ಮೊದಲು ಹಾವು ಕಾಯುತ್ತಿತ್ತು, ಈಗ ಪಿಶಾಚಿ. ಕುರಿಗಾಹಿಗಳನ್ನೂ ತಂದಿರಿ. ಈ ಗುಡ್ಡಗಳಲ್ಲಿ ಯಾವ ಕಾಲಕ್ಕೂ ಕುರಿ ಮೇಯಿಸಿಲ್ಲ, ಕಲ್ಲು ತಿನ್ನುವ ಕುರಿ ಇನ್ನೂ ಹುಟ್ಟಿಲ್ಲ. ಎಷ್ಟು ಶಿಲುಬೆ ಎಂಬ ಒಂದೇ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ.

ನೀವು ಬರುವುದು ಬೇಡ. ಯಾಕೆ ಬರುತ್ತೀರಿ ಎಂಬುದು ನನಗೆ ಗೊತ್ತು. ನಿಮಗೂ ಮೂವರು ಗಂಡುಮಕ್ಕಳಿದ್ದಾರೆ, ಅವರ ಆಸೆ ನಿಮಗೆ. ತಪ್ಪು ಎನ್ನುವುದಿಲ್ಲ. ಆದರೆ ಬಾಯಿ ಬಿಟ್ಟು ಕೇಳಬಹುದಿತ್ತು. ನಾನು ಅರ್ಧ ಕೊಡುತ್ತೇನೆ ಎಂದು ಮೊದಲೇ ಬರೆದಿದ್ದೆ.

ಐದನೆಯದೂ ಆರನೆಯದೂ ಸಿಕ್ಕಿವೆ. ಐದರಿಂದ ಆರಕ್ಕೆ ಬರೀ ಎಂಬತ್ತು ಹೆಜ್ಜೆ. ಮೊದಲಿನವು ಅರ್ಧ ಮೈಲಿಗೊಂದು ಇದ್ದವು. ಅಂತರ ಕಡಿಮೆಯಾಗುತ್ತಿದೆ ಎಂದರೆ ಜಾಗ ಹತ್ತಿರ ಬಂತು ಎಂದರ್ಥ, ಫಿಲೆಮೋನ್ ಹಾಗೆ ಓದುತ್ತಾನೆ. ನನಗೂ ಎಂಬತ್ತು ಹೆಜ್ಜೆಗೆ ನಾಲ್ಕು ಸಲ ಕೂರಬೇಕಾಯಿತು.

"ನೀನು ಕೂರೋ ಕಡೆಯೆಲ್ಲ ನಾನೂ ಒಂದು ಗುರುತು ಕೊರೀಲಾ?" ಎಂದು ಮುದುಕ ಗೇಲಿ ಮಾಡಿದ. "ನೂರು ವರ್ಷ ಆದ್ಮೇಲೆ ಬರೋರು ಇಲ್ಲೂ ಅಗೀಲಿ."

ನಕ್ಕೆವು. ಇತ್ತೀಚೆಗೆ ನನ್ನ ಜೊತೆ ನಗುವವನು ಅವನೊಬ್ಬನೇ.

ಅಂಪಾರೋಗೆ ನನ್ನ ಮುತ್ತುಗಳು. ಅವಳ ಮುಂದೆ ಈ ಕಾಗದ ಓದಬೇಡಿ.

ಕ್ರಿಸ್ಪಿನ್ ಬಾಲ್ದೆರ್ರಾಮಾ


ಗ್ವಾಯ್ಮಾಸ್
2 ಮೇ 1953

ಕ್ರಿಸ್ಪಿನ್, ನನ್ನ ತಮ್ಮಾ,

ಏಳು. ಏಳೇ ಶಿಲುಬೆ. ಏಳನೆಯದು ಗೋಡೆ ಕಟ್ಟಿದ ಗವಿಯ ಮೇಲಿದೆ. ಅದನ್ನು ತೆರೆಯಬೇಡ.

ನೀನು ನನ್ನನ್ನು ಚೋನಾ ಎನ್ನದೆ ಪೂರ್ತಿ ಹೆಸರು ಹಿಡಿದು "ಅವರು" ಎಂದು ಕರೆದ ಮೇಲೆ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಇಷ್ಟು ದಿನ ಸುಳ್ಳು ಹೇಳಿದೆ, ಒಪ್ಪುತ್ತೇನೆ. ಹಾವು, ಪಿಶಾಚಿ, ಕುರಿ ಎಲ್ಲ ಸುಳ್ಳು. ಈಗ ಬರೆಯುತ್ತಿರುವುದು ಸುಳ್ಳಲ್ಲ.

ಆ ಗವಿಯಲ್ಲಿರುವುದು ನಮ್ಮ ಅಮ್ಮ.

ಹದಿನೆಂಟನೇ ಇಸವಿಯ ಜ್ವರ ಗಣಿಗೆ ಬಂದಾಗ ಒಂದೇ ವಾರದಲ್ಲಿ ನಲವತ್ತು ಜನ ಹೋದರು. ಅಲ್ಲಿ ಪಾದ್ರಿಯಿಲ್ಲ, ಮಸಣವಿಲ್ಲ. ಸುರಂಗದ ಹೊರಗಿನ ಹೊಂಡದಲ್ಲಿ ಸುರಿದು ಮಣ್ಣೆಳೆಯುತ್ತಿದ್ದರು. ಅಮ್ಮ ಹೋದಾಗ, ರೊಸೆಂದಾಳನ್ನು ಆ ಹೊಂಡಕ್ಕೆ ಹಾಕುವುದಿಲ್ಲ, ನೊರಾಚಿಯ ಮಸಣಕ್ಕೇ ಒಯ್ಯುತ್ತೇನೆ ಎಂದು ಅಪ್ಪ ಹಟ ಹಿಡಿದ. ಕತ್ತೆ ದಾರಿಯಲ್ಲಿ ಊರಿನವರು ಕೋವಿ ಹಿಡಿದು ಕೂತಿದ್ದರು, ಗಣಿಯವರನ್ನು ಕೆಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಹಳ್ಳ ಹಿಡಿದೆವು. ಕಂಬಳಿಯಲ್ಲಿ ಜೋಲಿ ಕಟ್ಟಿ, ಗಳುವಿನ ಒಂದು ತುದಿ ಅಪ್ಪನ ಹೆಗಲಿಗೆ, ಇನ್ನೊಂದು ಲಾಸರೋ ಮಾವನ ಹೆಗಲಿಗೆ. ನಾನು ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ.

ಐದನೆಯ ಕಡೆ ಮಾವ ಕುಸಿದ. ಅವನಿಗೂ ಜ್ವರವಿತ್ತು. "ನನ್ ಕೈಲಾಗಲ್ಲ ಭಾವಾ," ಎಂದು ಅಲ್ಲೇ ಮಲಗಿದ. ಆಮೇಲೆ ಎದ್ದು ವಾಪಸು ಗಣಿ ಕಡೆ ನಡೆದ, ಅವನನ್ನು ಮತ್ತೆ ಯಾರೂ ನೋಡಲಿಲ್ಲ. ಅಲ್ಲಿಂದ ಅಪ್ಪ ಒಬ್ಬನೇ ಹೊತ್ತ. ಐದಕ್ಕೂ ಆರಕ್ಕೂ ಎಂಬತ್ತೇ ಹೆಜ್ಜೆ ಯಾಕೆ ಎಂದು ಈಗ ತಿಳಿಯಿತೇ? ಅಷ್ಟೇ ಅವನಿಂದಾದದ್ದು. ಗವಿಯ ಹತ್ತಿರ ಅವನ ಶಕ್ತಿ ಮುಗಿಯಿತು. ಅಲ್ಲೇ ಇಟ್ಟು, ಬಾಯಿಗೆ ಗೋಡೆ ಕಟ್ಟಿದ.

ಹೆಣ ಹೊತ್ತವರು ಕೆಳಗಿಳಿಸಿ ಸುಧಾರಿಸಿಕೊಂಡ ಕಡೆಯಲ್ಲೆಲ್ಲ ನಮ್ಮವರು ಶಿಲುಬೆ ಇಡುವುದು ನಿನಗೇನು ಹೊಸದಲ್ಲ. ಹಾದು ಹೋಗುವವರು ಒಂದೊಂದು ಕಲ್ಲು ಹಾಕುತ್ತಾರೆ. ಅಪ್ಪ ಉಳಿ ತರುತ್ತಿದ್ದದ್ದು ಅದಕ್ಕೆ. ಹಾದು ಹೋಗುವವರು ಆ ಹಳ್ಳದಲ್ಲಿ ಯಾರೂ ಇರಲಿಲ್ಲವಲ್ಲ, ಆ ಗುಡ್ಡೆಗಳಲ್ಲಿದ್ದ ಕಲ್ಲೆಲ್ಲ ಅವನೊಬ್ಬನೇ ಹಾಕಿದ್ದು.

ಮಸಣದಲ್ಲಿ ಅಮ್ಮನ ಹೆಸರಿನ ಕೆಳಗೆ ಯಾರೂ ಇಲ್ಲ. ಜನ ಕೇಳುತ್ತಾರೆಂದು ಅಪ್ಪ ಮಣ್ಣು ಗುಡ್ಡೆ ಹಾಕಿ ಮರದ ಶಿಲುಬೆ ನೆಟ್ಟ. ನಿನಗೆ ಹೇಳಬೇಡ ಎಂದು ಸಾಯುವಾಗ ನನ್ನಿಂದ ಮಾತು ತೆಗೆದುಕೊಂಡ. ತಾಯಿ ಮುಖ ನೆನಪಿಲ್ಲದ ಹುಡುಗನಿಗೆ ಗೋರಿಯಾದರೂ ಇರಲಿ ಎಂದ.

ಈಗ ಮಾತು ಮುರಿದಿದ್ದೇನೆ. ಅವಳನ್ನು ಅವಳ ಪಾಡಿಗೆ ಬಿಟ್ಟು ಬಾ.

ನಿನ್ನ ಅಕ್ಕ ಚೋನಾ


ನೊರಾಚಿ
20 ಮೇ 1953

ಚೋನಾ,

ಓದಿದೆ. ಅಂಗಡಿಯ ಮುಂದೆ ನಿಂತೇ ಓದಿದೆ.

ಬೇರೆ ಯಾರನ್ನಾದರೂ ಆ ಗವಿಯಲ್ಲಿ ಮಲಗಿಸಿದ್ದರೆ ನಂಬುತ್ತಿದ್ದೆನೋ ಏನೋ. ಅಮ್ಮನನ್ನು ಎಳೆದು ತಂದೆಯಲ್ಲ, ನಿನ್ನ ನಾಲಿಗೆ ಹೇಗೆ ಹೊರಳಿತು? ಹೆಣ ಇಳಿಸಿದ ಶಿಲುಬೆಗಳು ಮಸಣದ ಬಾಗಿಲ ತನಕ ಬರುತ್ತವೆ. ಇವು ನಡುಗುಡ್ಡದಲ್ಲೇ ನಿಲ್ಲುತ್ತವೆ. ಇದನ್ನು ಕೂಸೂ ಕೇಳುತ್ತದೆ.

ಏಳನೆಯದನ್ನು ನಾವು ಮೊನ್ನೆಯೇ ಕಂಡೆವು, ನಿನ್ನ ಕಾಗದಕ್ಕೆ ಮೊದಲೇ. ಗವಿಯ ಬಾಯಿಗೆ ಕಲ್ಲು ಸುಣ್ಣದ ಗೋಡೆ, ಕೂಡಿಸಿದ್ದು ಅಷ್ಟು ಬಿಗಿ, ಚಾಕುವಿನ ಮೊನೆ ಇಳಿಯುವುದಿಲ್ಲ. ಹೆಣ ಹೊತ್ತು ಸುಸ್ತಾದವನು ಸುಣ್ಣ ಎಲ್ಲಿಂದ ತಂದ? ಕಂಬಳಿ ಜೋಲಿಯಲ್ಲಿ ಅದನ್ನೂ ಕಟ್ಟಿಕೊಂಡು ಬಂದಿದ್ದನೆ? ನಿನ್ನ ಕಥೆ ಅಲ್ಲೇ ಹರಿದುಹೋಯಿತು. ಸುಣ್ಣ ಅರೆದು, ತಂಪಾಗಿ ಕೂತು, ಎರಡು ದಿನ ಕಟ್ಟಿದ ಗೋಡೆ ಅದು. ಫಿಲೆಮೋನ್‌ಗೆ ಓದಿ ಹೇಳಿದೆ.

"ನಲವತ್ತು ವರ್ಷದಲ್ಲಿ ನನ್ನನ್ನ ಹೆದರಿಸೋಕೆ ಏನೇನೋ ಹೇಳಿದಾರೆ," ಎಂದ ಅವನು. "ಹೆತ್ತ ತಾಯೀನೇ ಅಡ್ಡ ಮಲಗಿಸಿದ್ದು ಇದೇ ಮೊದಲು. ಒಳಗಡೆ ಇರೋದು ದೊಡ್ಡದೇ ಇರ್ಬೇಕು ಬಿಡು."

ಇವತ್ತು ಬೆಳಗ್ಗೆ ಮಸಣಕ್ಕೆ ಹೋಗಿದ್ದೆ. ಅಮ್ಮನ ಗೋರಿ ನಡುವೆ ಕುಸಿದಿದೆ, ಒಳಗೆ ಮನುಷ್ಯರಿದ್ದ ಗೋರಿ ಕುಸಿಯುವ ಹಾಗೆಯೇ. ಖಾಲಿ ಗೋರಿ ಕುಸಿಯುತ್ತದೆಯೇ? ನಿನ್ನ ಮಾತಿಗೆ ನಾನು ಅವಳ ಕ್ಷಮೆ ಕೇಳಿದೆ.

ನಾಳೆ ಹಾರೆ ತೆಗೆದುಕೊಂಡು ಹತ್ತುತ್ತೇವೆ.

ಕ್ರಿಸ್ಪಿನ್


ಗ್ವಾಯ್ಮಾಸ್
21 ಮೇ 1953

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ನನ್ನ ಕಾಗದ ತಲುಪಿತೋ ಇಲ್ಲವೋ. ಅಂಪಾರೋ ಬೆಳಗ್ಗೆ ಎದ್ದು ಅಂಚೆಯವನ ದಾರಿಗೆ ಹೋಗಿ ನಿಲ್ಲುತ್ತಾಳೆ, ನಾನು ಹೋಗಬೇಡ ಎನ್ನುತ್ತೇನೆ, ಆಮೇಲೆ ನಾನೇ ಹೋಗಿ ನಿಲ್ಲುತ್ತೇನೆ.

ಗೋಡೆ ತೆರೆಯದಿದ್ದರೆ ಒಳ್ಳೆಯದಾಯಿತು. ತೆರೆಯಲೇಬೇಕು ಎಂದರೆ ನಾನು ಬರುವ ತನಕ ಕಾದಿರು, ಜೊತೆಗಿರುತ್ತೇನೆ. ಒಬ್ಬನೇ ನೋಡಬೇಡ. ಇಷ್ಟು ಮಾಡು ನನ್ನಪ್ಪಾ.

ಅಕ್ಕ


ಲಾ ಸೊಲೆದಾದ್ ಹಳ್ಳ
26 ಮೇ 1953

ಅಕ್ಕ,

ಇದನ್ನು ಫಿಲೆಮೋನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಇಳಿದು ಹೋಗುತ್ತಿದ್ದಾನೆ, ಮತ್ತೆ ಬರುವುದಿಲ್ಲವಂತೆ. ಅವನ ತಪ್ಪಿಲ್ಲ. ಅವನು ಅಳುತ್ತಿದ್ದಾನೆ.

ಗೋಡೆ ಒಡೆಯಲು ಎರಡು ದಿನ ಹಿಡಿಯಿತು. ನಾನು ಹತ್ತು ಏಟು ಹಾಕುವುದು, ಕೂರುವುದು, ಮುದುಕ ಹತ್ತು ಹಾಕುವುದು. ಒಬ್ಬ ತೂರುವಷ್ಟು ಬಿಲ ಆಯಿತು. ನನಗೆ ಬಗ್ಗಲಾಗಲಿಲ್ಲ, ಅವನು ದೀಪ ಹಿಡಿದು ಒಳಗೆ ಹೋದ. ಮೊದಲು ಅವನಿಗೆ ಕಂಡಿದ್ದು ಪಕ್ಕದ ಬಂಡೆ.

"ಗೆರೆ ಇವೆ ಕಣೋ," ಎಂದು ಕೂಗಿದ. "ಕಲ್ಲಲ್ಲಿ ಗೀಚಿದಾರೆ. ಒಂದು, ಎರಡು... ಆರು ಗೆರೆ. ಆರು ಹೇರು ಬೆಳ್ಳಿ. ಕ್ರಿಸ್ಪಿನ್, ಆರು ಹೇಸರಗತ್ತೆ ಹೇರು ಕಣಪ್ಪಾ."

ನಾನು ಹೊರಗೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ಅಕ್ಕ. ಅಂಪಾರೋಳ ಹೆಸರು ಹಿಡಿದು ಅತ್ತೆ. ಆಮೇಲೆ ದೀಪ ಇನ್ನೂ ಒಳಕ್ಕೆ ಸರಿಯಿತು. ಅವನು ಹಿಂದುಹಿಂದಕ್ಕೆ ತೆವಳಿಕೊಂಡು ಬಂದ. "ನೀನು ಹೋಗ್ಬೇಡ," ಎಂದ. ಹೋದೆ.

ನೀನು ಹೇಳಿದ್ದು ನಿಜ. ಅದು ಅಮ್ಮನೇ. ಆದರೆ ನೀನು ಹೇಳಿದ್ದು ಪೂರ್ತಿ ನಿಜವಲ್ಲ.

ಹೆಣವನ್ನು ಯಾರೂ ಕೂರಿಸುವುದಿಲ್ಲ. ಅವಳು ಬಂಡೆಗೆ ಒರಗಿ ಕೂತಿದ್ದಾಳೆ. ಕಂಬಳಿಯನ್ನು ಕಾಲ ಮೇಲೆ ಎಳೆದುಕೊಂಡಿದ್ದಾಳೆ. ಬಲಗೈ ಹತ್ತಿರ ತಗಡಿನ ನೀರಿನ ಡಬ್ಬಿ, ಮಗುಚಿ ಹಾಕಿದೆ, ಖಾಲಿಯಾದದ್ದನ್ನು ಮಗುಚಿಡುವ ಹಾಗೆ. ಎಡಗಡೆ ಬಂಡೆ ಮೇಲೆ ಆ ಗೆರೆಗಳು. ಗೀಚಿದ ಚೂಪುಗಲ್ಲು ಅವಳ ಮಡಿಲಲ್ಲೇ ಇದೆ. ಮೊದಲಿನ ಗೆರೆಗಳು ಆಳವಾಗಿವೆ. ಆರನೆಯದು ಗೀರಷ್ಟೇ.

ಒಂದು ದಿನಕ್ಕೆ ಒಂದು ಗೆರೆ, ಅಲ್ಲವೇ?

ನಾನು ಅವಳ ಎದುರಿಗೆ ಕೂತು ಒಂದು ಪೂರ್ತಿ ಹಗಲು ಕಳೆದೆ. ಮೂವತ್ತೈದು ವರ್ಷ ಖಾಲಿ ಮಣ್ಣನ್ನೇ ಅಮ್ಮ ಎಂದುಕೊಂಡಿದ್ದೆ. ದಾರಿ ತೋರಿಸು ಎಂದು ಬೇಡಿಕೊಂಡೆ. ಅವಳ ಹೆಸರಲ್ಲಿ ಪೇರಿಸಿದ ಕಲ್ಲನ್ನೆಲ್ಲ ಈ ಕೈಯಲ್ಲೇ ಚೆಲ್ಲಾಪಿಲ್ಲಿ ಮಾಡಿದೆ. ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಉಸಿರು ಸಾಲುತ್ತಿಲ್ಲ.

ಕೇಳುವುದು ಒಂದೇ. ನಿನಗೆ ಒಂಬತ್ತು ವರ್ಷವಾಗಿತ್ತು. ಅವಳು ಜೀವಂತ ಇದ್ದಾಳೆಂದು ನಿನಗೆ ಗೊತ್ತಿತ್ತೇ? ಆರು ದಿನ ಯಾರೂ ಯಾಕೆ ಹತ್ತಿ ಬರಲಿಲ್ಲ?

ಬಸ್ಸು ಹತ್ತಬೇಡ. ಅಂಪಾರೋ ನಿನ್ನ ಹತ್ತಿರವೇ ಇರಲಿ, ನನ್ನ ಹತ್ತಿರ ಅವಳಿಗೆ ಏನೂ ಇಲ್ಲ. ನಾನು ಇಲ್ಲೇ ಇರುತ್ತೇನೆ. ನೀರು ಎರಡು ದಿನಕ್ಕಿದೆ, ಕೆಳಗಿಳಿಯುವುದಕ್ಕೆ ಕಾಲು ಏಳುತ್ತಿಲ್ಲ. ಅವಳು ಇಷ್ಟು ವರ್ಷ ಒಬ್ಬಳೇ ಇದ್ದಳು.

ಕ್ರಿಸ್ಪಿನ್


ಗ್ವಾಯ್ಮಾಸ್
9 ಜೂನ್ 1953

ಕ್ರಿಸ್ಪಿನ್,

ನಿನ್ನ ಕಾಗದ ಇವತ್ತು ಬಂತು. ಹದಿನಾಲ್ಕು ದಿನ. ನಿನ್ನ ನೀರು ಎರಡು ದಿನಕ್ಕಿತ್ತು. ಭಾವ ಇವತ್ತೇ ಹೊರಟಿದ್ದಾರೆ, ನೊರಾಚಿಯಲ್ಲಿ ಕತ್ತೆ ಹಿಡಿದು ಹತ್ತುತ್ತಾರೆ. ಇದನ್ನು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಓದುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಕೇಳಿದ್ದೀಯ, ನಾನು ಹೇಳಬೇಕು. ನಿನ್ನ ಎದುರಿಗೆ ನಿಂತು ಹೇಳಲು ನನ್ನಿಂದ ಎಂದೂ ಆಗುತ್ತಿರಲಿಲ್ಲ.

ಗೊತ್ತಿತ್ತು. ಅವಳು ಜೀವಂತ ಇದ್ದಳು.

ಜೋಲಿಯಲ್ಲಿ ದಾರಿಯುದ್ದಕ್ಕೂ ಮಾತಾಡಿದಳು. ಅತ್ತಿ ಮರದ ಕೆಳಗೆ ನಿನಗೆ ಹಾಲು ಕೊಡಲು ನೋಡಿದಳು, ಅಪ್ಪ ಬಿಡಲಿಲ್ಲ. ನಾವು ಅವಳನ್ನು ಒಯ್ಯುತ್ತಿದ್ದದ್ದು ಮಸಣಕ್ಕಲ್ಲ, ನೊರಾಚಿಗೆ ಬಂದಿದ್ದ ಡಾಕ್ಟರ ಹತ್ತಿರಕ್ಕೆ. ಗವಿಯ ಹತ್ತಿರ ಅವಳೇ ಹೇಳಿದಳು. "ನನ್ನನ್ನ ಇಲ್ಲಿ ಕೂರಿಸಿ ಮಕ್ಕಳನ್ನ ಕರ್ಕೊಂಡು ಹೋಗು ಅನ್ಸೆಲ್ಮೋ. ನಾಳೆ ಬಂದು ಒಯ್ಯಿ." ಅಪ್ಪ ನೀರಿನ ಡಬ್ಬಿ ಇಟ್ಟ. ನಾಳೆ ಮಧ್ಯಾಹ್ನಕ್ಕೆಲ್ಲ ಬರುತ್ತೇನೆ ಎಂದ. ಅವನು ಸುಳ್ಳು ಹೇಳಲಿಲ್ಲ, ಬರುವವನೇ ಇದ್ದ.

ಹಳ್ಳ ಇಳಿಯುವಾಗ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಊರು ಕಾಣುವ ತಿರುವಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ. "ಯಾರು ಕೇಳಿದ್ರೂ ನಮ್ಮಲ್ಲಿ ಯಾರಿಗೂ ಕಾಯಿಲೆ ಇಲ್ಲ ಅನ್ನು. ಮೇಲೆ ಯಾರನ್ನೂ ಬಿಟ್ಟು ಬಂದಿಲ್ಲ ಅನ್ನು. ಅಂದ್ರೆ ಮಾತ್ರ ಒಳಗೆ ಬಿಡ್ತಾರೆ. ನಾನು ಡಾಕ್ಟರ ಹತ್ರ ಗುಟ್ಟಾಗಿ ಮಾತಾಡ್ತೀನಿ." ಕೋವಿಯವರು ಕೇಳಿದರು. ಹಾಗೇ ಅಂದೆ. ಊರ ಹೊರಗಿನ ದನದ ಕೊಟ್ಟಿಗೆಯಲ್ಲಿ ನಮ್ಮನ್ನು ಕೂಡಿಹಾಕಿದರು. ಅಪ್ಪ ಡಾಕ್ಟರ ತನಕ ಹೋಗಲೇ ಇಲ್ಲ. ಹುಲ್ಲಿನ ಮೇಲೆ ಬಿದ್ದವನು ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ಡಾಕ್ಟರು ಎರಡನೇ ದಿನವೇ ಬೇರೆ ಊರಿಗೆ ಹೊರಟುಹೋದರಂತೆ.

ಹನ್ನೆರಡನೇ ದಿನ ಎದ್ದು, ಗೋಡೆ ಹಿಡಿದು ನಿಂತು, "ರೊಸೆಂದಾ?" ಎಂದ. ಹನ್ನೆರಡು ದಿನವಾಯಿತು ಎಂದೆ. ಅವನು ಸುಣ್ಣದ ಚೀಲ ಹೊತ್ತು ಒಬ್ಬನೇ ಹತ್ತಿದ. ಎರಡು ದಿನ ಬಿಟ್ಟು ಬಂದ. ಅವಳು ಹೇಗೆ ಕೂತಿದ್ದಳೆಂದು ನನಗೆ ಯಾವತ್ತೂ ಹೇಳಲಿಲ್ಲ, ನಿನ್ನ ಕಾಗದ ಬರುವ ತನಕ ನನಗೆ ಗೊತ್ತಿರಲಿಲ್ಲ. ಗೆರೆಗಳ ವಿಷಯವೂ ಗೊತ್ತಿರಲಿಲ್ಲ. ಮೊದಲ ದಿನವೇ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಬದುಕಿದೆ.

ಯಾರೂ ಯಾಕೆ ಹತ್ತಿ ಬರಲಿಲ್ಲ ಎಂದು ಕೇಳಿದೆಯಲ್ಲ. ಯಾರಿಗೂ ಗೊತ್ತಿರಲಿಲ್ಲ, ಕ್ರಿಸ್ಪಿನ್. ಗೊತ್ತಿದ್ದವಳು ನಾನೊಬ್ಬಳೇ.

ಹೇಳೋಣ ಎಂದು ಮೊದಲ ದಿನ ಬಾಗಿಲ ತನಕ ಹೋದೆ. ಆ ಹೊತ್ತಿಗೆ ನಿನಗೆ ಜ್ವರ ಬಂತು. ನಿನ್ನ ಹಣೆ ಸುಡುತ್ತಿತ್ತು. ಹೇಳಿದರೆ ಮೂವರನ್ನೂ ಗುಡ್ಡಕ್ಕೆ ಅಟ್ಟುತ್ತಾರೆ, ನೀನು ಸಾಯುತ್ತೀಯ ಎಂದುಕೊಂಡೆ. ನಿನ್ನನ್ನು ಹುಲ್ಲಿನಲ್ಲಿ ಮುಚ್ಚಿಟ್ಟು, ಮಗು ಮಲಗಿದೆ, ಅಪ್ಪ ದಣಿದು ಮಲಗಿದ್ದಾನೆ ಎನ್ನುತ್ತಿದ್ದೆ. ಇದನ್ನು ಬರೆಯುವುದು ನಿನ್ನ ಮೇಲೆ ಹೊರೆ ಹಾಕಲು ಅಲ್ಲ. ಆದದ್ದು ಹೀಗೆ, ಅದಕ್ಕೆ ಬರೆದೆ.

ಒಬ್ಬ ಹೆಂಗಸು ದಿನಾ ಸಾರಿನ ಮಡಕೆ ತಂದು ಬೇಲಿಯಾಚೆ ಇಟ್ಟು ದೂರ ನಿಲ್ಲುತ್ತಿದ್ದಳು. ಅವಳ ಹೆಸರು ಗೊತ್ತಿಲ್ಲ. ಆರನೆಯ ದಿನ ಯಾವುದು ಎಂದು ಬೆಳಗಿನಿಂದ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೇನೆ. ಅವತ್ತು ಸಾರಿನಲ್ಲಿ ಮಾಂಸವಿತ್ತು, ಅದು ಭಾನುವಾರ. ಅವತ್ತು ಅವಳು ಬೇಲಿಯ ಹತ್ತಿರಕ್ಕೇ ಬಂದಳು.

"ನಿಮ್ಮಮ್ಮ ಎಲ್ಲಿ ಮಗು?" ಎಂದು ಕೇಳಿದಳು.

"ಇಲ್ಲ," ಎಂದೆ.

"ತೀರ್ಕೊಂಡ್ರಾ?"

ತಲೆಯಾಡಿಸಿದೆ. ಅವಳು ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ತನ್ನ ಪಾಲಿನ ಮಾಂಸದ ತುಂಡನ್ನೂ ನನ್ನ ಬಟ್ಟಲಿಗೆ ಹಾಕಿದಳು. ಅದನ್ನೂ ತಿಂದೆ.

ಚೋನಾ